ವಾದಕ್ಕೆ ಮುಂಚಿನ ಭ್ರಾಮರಿ

"ದೀಪ್ತಿಯಕ್ಕಾ, ಮೈಕ್ ಆನ್ ಉಂಟು!" ಜೂನಿಯರ್ ವಕೀಲೆ ಸುಮಯ್ಯಾ ಭುಜ ಹಿಡಿದು ಅಲುಗಾಡಿಸಿದ ಮೇಲೆಯೇ ದೀಪ್ತಿ ಕಿವಿಗಳಿಂದ ಹೆಬ್ಬೆರಳು ತೆಗೆದದ್ದು. ಅಷ್ಟು ಹೊತ್ತೂ ಅವಳು ಕಣ್ಣು ಮುಚ್ಚಿ ದುಂಬಿಯಂತೆ ಗುಂಯ್‌ಗುಡುತ್ತಿದ್ದುದು ಆನ್‌ಲೈನ್ ವಿಚಾರಣೆಗೆ ಕೂತಿದ್ದ ಎಲ್ಲರಿಗೂ ಕೇಳಿಸಿತ್ತು.

"ಅದೇನು ಶಬ್ದ?" ಪರದೆಯಲ್ಲಿ ನ್ಯಾಯಾಧೀಶರು ಕೇಳಿದರು.

ದೀಪ್ತಿಯ ಎದೆ ಮತ್ತೆ ಡವಡವ ಹೊಡೆದುಕೊಳ್ಳತೊಡಗಿತು. ಹೃದಯ ಸರಿಯಾಗಿದೆ, ಇದು ಬರೀ ಆತಂಕ ಎಂದು ಡಾಕ್ಟರು ಹೇಳಿದ್ದರು. ಕಷಾಯ, ತೈಲಧಾರೆ ಎಲ್ಲ ಆದ ಮೇಲೆ ಕೊಚ್ಚಿಯ ಪಾಲಾರಿವಟ್ಟಂನ ಯೋಗ ಟೀಚರ್ ಈ ಭ್ರಾಮರಿ ಪ್ರಾಣಾಯಾಮ ಕಲಿಸಿದ್ದರು. ಹಿಂದಿನ ಎರಡು ಸಲ ಅವಳು ಜ್ವರವೆಂದು ಸುಳ್ಳು ಹೇಳಿ ವಾಯಿದೆ ಪಡೆದಿದ್ದಳು. ಎರಡು ಸಲವೂ ಅವಳ ಕಕ್ಷಿದಾರಳು, ಮೀನು ಮಾರುವ ಫಿಲೋಮಿನಾ ಚೇಚಿ, ಮನೆ ತೆರವಿನ ನೋಟಿಸನ್ನು ಮಡಚಿಕೊಂಡು ಊರಿಗೆ ಮರಳಲು ತಿರುವನಂತಪುರದ ರೈಲು ಹತ್ತಿದ್ದಳು. ಇವತ್ತೂ ಆಕೆ ದೀಪ್ತಿಯ ಕಚೇರಿಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕಾಯುತ್ತಿದ್ದಳು.

"ನೆಟ್‌ವರ್ಕಿನ ಶಬ್ದ ಅಂತ ಹೇಳಿ ಅಕ್ಕಾ," ಸುಮಯ್ಯಾ ಪಿಸುಗುಟ್ಟಿದಳು.

ದೀಪ್ತಿ ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಶಬ್ದ ನನ್ನದೇ, ಮೈ ಲಾರ್ಡ್. ವಾದಕ್ಕೆ ಮುಂಚೆ ನನ್ನ ಎದೆಬಡಿತ ಹತೋಟಿ ತಪ್ಪುತ್ತದೆ. ಒಂದೇ ಒಂದು ನಿಮಿಷ ಕೊಡಿ. ಇವತ್ತು ವಾಯಿದೆ ಬೇಡ."

ನ್ಯಾಯಾಧೀಶರು ಗಡಿಯಾರ ನೋಡಿ ತಲೆಯಾಡಿಸಿದರು. ದೀಪ್ತಿ ಮತ್ತೆ ಹೆಬ್ಬೆರಳು ಎತ್ತುವಾಗ ಪರದೆಯ ಇನ್ನೊಂದು ಚೌಕ ಕಣ್ಣಿಗೆ ಬಿತ್ತು. ಯಾರ ಗುಡುಗುವ ಗಂಟಲಿಗೆ ಹೆದರಿ ಅವಳು ಎರಡು ಸಲ ತಪ್ಪಿಸಿಕೊಂಡಿದ್ದಳೋ ಆ ಎದುರು ಪಕ್ಷದ ಹಿರಿಯ ವಕೀಲ ವೆಂಕಟ್ರಮಣ ಭಟ್ಟರು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ತಮ್ಮ ಕಿವಿಗಳಿಗೂ ಹೆಬ್ಬೆರಳು ಒತ್ತಿಕೊಳ್ಳುತ್ತಿದ್ದರು.