ಅಗಸಿ ಹಿಂಡಿ ಕಹಿಯಾದದ್ದು ಯಾಕೆ?

ಗದಗದ ಒಂದು ಓಣಿಯಲ್ಲಿ ಒಬ್ಬ ಅತ್ತೆ, ಒಬ್ಬ ಹೊಸ ಸೊಸೆ...

ಅತ್ತೆ ಗೌರವ್ವ ಮಾಡುವ ಅಗಸೆ ಬೀಜದ ಚಟ್ನಿಪುಡಿ, ಅಗಸಿ ಹಿಂಡಿ ಎಂದರೆ ಓಣಿಗೆಲ್ಲ ಹೆಸರು. ಹಾಗಾದರೆ ಸೊಸೆ ಭುವನಾಳ ತಟ್ಟೆಗೆ ಬರುವಾಗ ಮಾತ್ರ ಅದು ಯಾಕೆ ಕಹಿ?

"ಮೀನು ತಿನ್ನಂಗಿಲ್ಲ ಅಂದ್ರ ದಿನಾ ಅಗಸಿ ತಿನ್ರಿ, ಮೈಗೆ ಬೇಕಾದ ಒಳ್ಳೆ ಕೊಬ್ಬು ಐತಿ ಅದರಾಗ" ಎಂದು ಭುವನಾಗೆ ಹೇಳಿದ್ದರು ಡಾಕ್ಟರ್.

ಭುವನಾ ತಂದ ಅಗಸಿ ಪ್ಯಾಕೆಟ್ ನೋಡಿದ್ದೇ ಅತ್ತೆ ಸೆರಗು ಸಿಕ್ಕಿಸಿದ್ದರು. "ಹಂಗ ನುಂಗಿದ್ರ ಮೈಗೆ ಹತ್ತಂಗಿಲ್ಲವ್ವ. ಹುರದು ಪುಡಿ ಮಾಡಬೇಕು. ಸರಿ, ನಾ ಮಾಡ್ತೀನಿ."

ಆದರೆ ರೊಟ್ಟಿಗೆ ಮೊಸರು, ಹಿಂಡಿ ಹಚ್ಚಿಕೊಂಡು ಬಾಯಿಗಿಟ್ಟರೆ... ಸುಟ್ಟ ಕಹಿ.

ಕರೆದರೆ ಅತ್ತೆ ತಿರುಗಿಯೂ ನೋಡುವುದಿಲ್ಲ. ಏನೋ ಕೇಳಿದರೆ ಇನ್ನೇನೋ ಹೇಳಿ ನಗುತ್ತಾರೆ. ಪ್ರೀತಿಯೋ, ಸಿಟ್ಟೋ... ಭುವನಾಗೆ ತಲೆಬುಡ ತಿಳಿಯದು.

ಲಾರಿ ತೆಗೆದುಕೊಂಡು ಪುಣೆಗೆ ಹೋಗಿದ್ದ ಗಂಡ ಫೋನಿನಲ್ಲಿ ನಕ್ಕ. "ಅವ್ವನ ಹಿಂಡಿ ಕಹಿನಾ? ಮೊದಲ ನಿನ್ನ ನಾಲಿಗಿ ತೋರಿಸ್ಕೊ."

ನಾನು ಯಾರಿಗೂ ಬೇಡವಾದೆನೇ? ಭುವನಾ ಬ್ಯಾಗಿಗೆ ಸೀರೆ ತುಂಬಿದಳು. ತವರಿಗೆ ಹೋಗುತ್ತೇನೆ ಎನ್ನಲು ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತಳು...

ಬಾಣಲೆಯಲ್ಲಿ ಅಗಸಿ ಚಟಚಟ ಸಿಡಿಯುತ್ತಿತ್ತು. ಅತ್ತೆ ಮಾತ್ರ ಬಾಣಲೆಯ ಹತ್ತಿರ ಕಿವಿ ತಂದು, ಉಸಿರು ಬಿಗಿಹಿಡಿದು, ಇನ್ನೂ ಕಾಯುತ್ತಿದ್ದರು!

ಹೊಗೆ ಕಣ್ಣಿಗೆ ಹೊಡೆದ ಮೇಲೆಯೇ ಅವರು ಗ್ಯಾಸ್ ಆರಿಸಿದ್ದು. ತಿರುಗಿದರೆ ಸೊಸೆ. ಅತ್ತೆಯ ಮುಖ ಬಾಡಿಹೋಯಿತು.

"ಸಿಡಿಯೋ ಸಪ್ಪಳ ಕೇಳೇ ಇಳಸಾಕಿ ನಾ. ಈಗ ಕಿವಿಗೆ ಸಪ್ಪಳನ ಬರವಲ್ದು... ಕಹಿ ಆಗೈತಂತ ಗೊತ್ತಿತ್ತವ್ವ, ಮುಂದಿನ ಸಲ ಸರಿ ಆದೀತು ಅನಕೊಂಡೆ. ಮಗಗ ಹೇಳಬ್ಯಾಡ. ಕುಂತು ಉಣ್ಣು ಅಂತಾನ. ನಿನಗ ಕೈಯಾರೆ ಮಾಡಿ ಹಾಕೂದೂ ತಪ್ಪತೈತಿ."

ಭುವನಾಳ ಕಣ್ಣು ತುಂಬಿ ಬಂತು...

ಬಾಣಲೆ ಒರೆಸಿ, ಹೊಸ ಅಗಸಿ ಸುರಿದು, ಗ್ಯಾಸ್ ಹಚ್ಚಿ, ಅತ್ತೆಯ ಕೈ ಹಿಡಿದು ನಿಂತಳು. ಕಾಳು ಸಿಡಿಯತೊಡಗಿದಾಗ ಆ ಕೈಯನ್ನು ಮೆಲ್ಲಗೆ ಒತ್ತಿದಳು. ಅತ್ತೆ ತಟ್ಟನೆ ಬಾಣಲೆ ಇಳಿಸಿದರು.

"ಅತ್ತಿ, ನಾಳೆ ಕಿವಿ ತೋರಿಸ್ಕೊಂಡ ಬರೂಣು. ಹಿಂಡಿ ಮಾತ್ರ ನೀವ ಮಾಡಬೇಕು."

"ಏನಂದಿ?"

ಭುವನಾ ಅಳುತ್ತಲೇ ನಕ್ಕಳು. ಎದುರಿಗೆ ಬಂದು, ಮುಖ ನೋಡಿ, ಇನ್ನೊಮ್ಮೆ ಹೇಳಿದಳು.

ಅಂದು ಹಿಂಡಿ ಘಮಘಮ ಎನ್ನುತ್ತಿತ್ತು. ಬ್ಯಾಗಿನ ಸೀರೆಗಳು ಕಪಾಟಿಗೆ ಮರಳಿದವು.

*ಉತ್ತರ ಬರಲಿಲ್ಲವೆಂದರೆ ಸಿಟ್ಟೆಂದೇ ಅರ್ಥವಲ್ಲ... ನಮ್ಮ ಕರೆ ಅವರಿಗೆ ತಲುಪಿಯೇ ಇರಲಿಕ್ಕಿಲ್ಲ.*

ನಿಮ್ಮ ಮನೆಯಲ್ಲೂ ಇತ್ತೀಚೆಗೆ ಯಾರದೋ ಕೈರುಚಿ ಬದಲಾಗಿದೆಯೇ? ಒಮ್ಮೆ ಹತ್ತಿರ ಹೋಗಿ ನಿಂತು ನೋಡಿದ್ದೀರಾ...?