ಖಾಲಿ ಕೋಣೆಯ ಮೌನ

ಹಳೆಯ ಟೇಪಿನ ಕರಕರ ಅಳಿಸಲು ಕಂಪ್ಯೂಟರಿನ ಗುಂಡಿಯ ಮೇಲೆ ಬೆರಳಿಟ್ಟ ಮಗಳು ಅಲ್ಲೇ ತಡೆದಳು. "ಅಪ್ಪಾ, ಈ ಮೌನದಲ್ಲಿ ಯಾರೋ ಉಸಿರಾಡ್ತಿದ್ದಾರೆ!"

ಅಪ್ಪ ಸಿನಿಮಾಗಳಿಗೆ ಸದ್ದು ಕೂಡಿಸುವವರು. ತಗಡು ಅಲುಗಿಸಿ ಗುಡುಗನ್ನೂ ತೆಂಗಿನ ಚಿಪ್ಪು ಬಡಿದು ಕುದುರೆಯನ್ನೂ ತಂದವರು. ಈಗ ಇಬ್ಬರೂ ಸೇರಿ ಸದ್ದು ಕೂಡಿಸುತ್ತಿದ್ದ ಚಿತ್ರದಲ್ಲಿ ಗಗನಯಾತ್ರಿಯೊಬ್ಬ ನೌಕೆಯಿಂದ ಕೈತಪ್ಪಿ ತೇಲಿಹೋಗುತ್ತಾನೆ. ಅಲ್ಲಿ ಗಾಳಿಯೇ ಇಲ್ಲ, ಸದ್ದೂ ಇರಬಾರದು ಎಂದು ಮಗಳ ಹಟ. ಏನೂ ಕೇಳಿಸದಿದ್ದರೆ ಯಂತ್ರ ಕೆಟ್ಟಿತೆಂದು ಜನ ಸಿಳ್ಳೆ ಹೊಡೆಯುತ್ತಾರೆ ಎಂದು ಅಪ್ಪನ ಅನುಭವ. ಅದಕ್ಕೇ ಹಿಂದೆಂದೋ ಖಾಲಿ ಕೋಣೆಯಲ್ಲಿ ಹಿಡಿದಿಟ್ಟ ಮೌನವನ್ನು ಹುಡುಕಿ ತಂದಿದ್ದರು.

"ಕೋಣೆ ಖಾಲಿ ಇತ್ತು ಅಂದಿದ್ರಲ್ಲ?"

"ನಿಮ್ಮಮ್ಮ ಇದ್ದಳು ಕಣೇ. ಅಲುಗಾಡಬೇಡ ಅಂದೆ, ಕಣ್ಮುಚ್ಚಿ ದೇವರ ಧ್ಯಾನಕ್ಕೆ ಕೂತಳು. ಉಸಿರಾಡಬೇಡ ಅನ್ನೋಕಾಗುತ್ತಾ?" ಅಪ್ಪ ನಗಲು ನೋಡಿದರು, ಆಗಲಿಲ್ಲ. "ಅಳಿಸಿಬಿಡಮ್ಮ. ಗಾಳಿಯಿಲ್ಲದ ಕಡೆ ಉಸಿರು ಎಲ್ಲಿಂದ ಬರುತ್ತೆ?"

ಅಮ್ಮ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಗಳು ಪರದೆಯತ್ತ ನೋಡಿದಳು. ಆ ಕತ್ತಲಲ್ಲಿ ಗಗನಯಾತ್ರಿ ಒಬ್ಬನೇ ತೇಲುತ್ತಿದ್ದ. ಅವಳು ಗುಂಡಿಯಿಂದ ಮೆಲ್ಲನೆ ಬೆರಳು ತೆಗೆದಳು.

"ಅವನ ಹೆಲ್ಮೆಟ್ಟಿನೊಳಗೆ ಗಾಳಿ ಇರುತ್ತಲ್ವಾ, ಅಪ್ಪಾ?"