ಪೆನ್ಸಿಲ್ಲಿನ ಸಾಲು

"ಸಾ, ಪೆನ್ಸಿಲ್ಲಲ್ಲಿ ಬರ್ದಿರೋ ಈ ಸಾಲು ಏನ್ ಸಾ?" ಬ್ಯಾಟರಿ ನೋಡಲು ಬಂದಿದ್ದ ಮೆಕ್ಯಾನಿಕ್ ಸಂಜಯ್ ನೋಟ್‌ಬುಕ್ಕನ್ನು ಮುಂದೆ ಚಾಚಿದಾಗ ತಿರುನಾರಾಯಣ ಮೇಷ್ಟ್ರು ಕನ್ನಡಕ ಏರಿಸಿಕೊಂಡರು. 2002ರಲ್ಲಿ ಚನ್ನರಾಯಪಟ್ಟಣಕ್ಕೆ ಬಂದ ಮೊದಲ ಕರೆಂಟ್ ಕಾರು ಅವರದು. ಫುಲ್ ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡಿತೆಂದು ನಾಲ್ಕು ವರ್ಷ ಪ್ರತಿ ಭಾನುವಾರ ಬರೆದಿಟ್ಟಿದ್ದರು.

ಪಕ್ಕದ ಅಂಕಿಗಳು ಹೆಂಡತಿ ಅಲಮೇಲಮ್ಮನವು. "ನಂದೂ ಒಂದು ಲೆಕ್ಕ ಇರ್ಲಿ" ಎಂದು ಹೋದ ವರ್ಷ ನಗುನಗುತ್ತಲೇ ಶುರುಮಾಡಿದ್ದಳು. ಏನು ಲೆಕ್ಕವೆಂದು ಮೇಷ್ಟ್ರು ಕೇಳಿರಲಿಲ್ಲ. ಆಕೆ ಎದೆನೋವಿನಿಂದ ತೀರಿಕೊಂಡು ಮೂರು ತಿಂಗಳಾಗಿತ್ತು.

ಹದಿನೆಂಟು, ಹದಿಮೂರು, ಒಂಬತ್ತು, ಐದು. ಆ ಸಾಲು ಶುರುವಾದ ಹಾಳೆ ಹುಡುಕುತ್ತಾ ಮೇಷ್ಟ್ರು ಹಿಂದಕ್ಕೆ ಹೋದರು. ತಲೆಬರಹ ಸಣ್ಣ ಅಕ್ಷರದಲ್ಲಿತ್ತು: 'ನಾನು ನಿಲ್ಲದೆ ಹತ್ತಿದ ಮಹಡಿ ಮೆಟ್ಟಿಲು.' ಮತ್ತೆ ಕೊನೆಯ ಹಾಳೆಗೆ ಬಂದರು. ಐದರ ಎದುರಿಗೆ ಅವರದೇ ಕೈಬರಹ, ಕೆಂಪು ಶಾಯಿಯಲ್ಲಿ: 'ತಡಮಾಡದೆ ಬ್ಯಾಟರಿ ತೋರಿಸಬೇಕು.'

"ವೀಕಾಗ್ತಾ ಇರೋದು ನಿಮ್ಗೆ ಯಾವಾಗ ಗೊತ್ತಾಯ್ತು ಸಾ?"

ಮೇಷ್ಟ್ರು ಆ ಐದರ ಮೇಲಿಟ್ಟ ಬೆರಳು ತೆಗೆಯಲಿಲ್ಲ. "ಬ್ಯಾಟರಿದಾ? ಒಂದು ಕಿಲೋಮೀಟರ್ ಕಮ್ಮಿಯಾದ ವಾರಾನೇ ಗೊತ್ತಾಯ್ತಪ್ಪ."